ಬಣ್ಣ ಬಳಿದ ಮೊಳಕೈ

ಕಪ್ಪು ಬಣ್ಣ ಬಳಿದುಬಿಟ್ಟರೆ ಯಾವ ಕಬ್ಬಿಣವೂ ಕುಲೀನವಾಗಿಯೇ ಕಾಣುತ್ತದೆ. ಈ ಲೋಕಸತ್ಯವನ್ನು ನಾನು ಎಪ್ಪತ್ತರ ದಶಕದ ಕೊನೆಯಲ್ಲಿ, ರಾಯಚೂರಿನ ಹೊರವಲಯದ ಕಾರ್ಖಾನೆಯೊಂದರ ಉಗ್ರಾಣಾಧಿಕಾರಿಯಾಗಿದ್ದಾಗ ಕಂಡುಕೊಂಡೆ. ಅದರ ದಂಡವನ್ನು ಮಾತ್ರ ಬೇರೊಬ್ಬನಿಂದ ತೆರಿಸಿದೆ.

ನನ್ನ ಸುಪರ್ದಿಯಲ್ಲಿದ್ದವು ಕೊಳವೆಗಳನ್ನು ಜೋಡಿಸುವ ಬಿಡಿಭಾಗಗಳು: ಉಗಿಯ ದಾರಿ ತಿರುಗಿಸುವ ಎಲ್ಬೋ ಎಂಬ ಮೊಳಕೈ, ಕವಲೊಡೆಸುವ ಟೀ (ಕುಡಿಯುವುದಲ್ಲ), ದಪ್ಪ ಕೊಳವೆಗೆ ಸಣ್ಣದನ್ನು ಗಂಟುಹಾಕುವ ರೆಡ್ಯೂಸರ್, ಬಾಯಿ ಮುಚ್ಚಿಸುವ ಕ್ಯಾಪ್. ಸಾದಾ ಉಕ್ಕಿನವು ನೀರಿಗೆ, ಸಾಧಾರಣ ಶಾಖಕ್ಕೆ. ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಮಿಶ್ರ ಉಕ್ಕಿನವು ಬಾಯ್ಲರಿನ ಕಡುಬಿಸಿ ಉಗಿಗೆ. ನೋಡಲು ಎರಡೂ ಅವಳಿಜವಳಿ. ಮೈಮೇಲೆ ಒತ್ತಿದ ಅಕ್ಷರಗಳಷ್ಟೇ ವ್ಯತ್ಯಾಸ. ದೊಡ್ಡ ಸಾಹೇಬರು ತಪಾಸಣೆಗೆ ಬರುವರೆಂದು ನನ್ನ ಸೌಂದರ್ಯಪ್ರಜ್ಞೆ ಉಕ್ಕಿ, ಆ ಅಕ್ಷರಗಳ ಮೇಲೆಯೇ ಬಣ್ಣ ಬಳಿಸಿ, ಸಾದಾ, ಮಿಶ್ರ ಎಂಬ ಭೇದವಿಲ್ಲದೆ ಎಲ್ಲವನ್ನೂ ಆಕಾರಾನುಸಾರ ಸಾಲಾಗಿ ಇಡಿಸಿದೆ. ಸಾಹೇಬರು ಮೆಚ್ಚಿದರು. ನಾನೂ ನನ್ನನ್ನು ಮೆಚ್ಚಿಕೊಂಡೆ.

ಕೆಲವು ದಿನಗಳ ಬಳಿಕ ಮಾನ್ವಿಯ ಫಿಟ್ಟರ್ ಕಾಸಿಂಸಾಬ್, ಬಾಯ್ಲರಿಗೆಂದು ನಾನು ಕೊಟ್ಟ ಮೊಳಕೈಯನ್ನು ಸಾಣೆಚಕ್ರಕ್ಕೆ ತಾಗಿಸಿ, ಸಿಡಿದ ಕಿಡಿಗಳನ್ನು ನೋಡಿ ತಲೆಯಾಡಿಸಿದ.

"ಸಾಹೇಬ್ರ, ಕಿಡಿ ಭಾಳ ಕವಲೊಡ್ಯಾಕತ್ತಾವ. ಇದು ಸಾದಾ ಉಕ್ಕು ಅದ. ಬ್ಯಾರೆ ಕೊಡ್ರಿ."

"ಕಿಡಿ ನೋಡಿ ಜಾತಕ ಹೇಳ್ತೀಯೇನು? ಮಿಶ್ರ ಉಕ್ಕಂತ ಪಟ್ಟಿಯೊಳಗ ಬರದದ. ಕೂಡಿಸು ಹೋಗು" ಎಂದೆ.

ಸುತ್ತಲಿದ್ದವರು ನಕ್ಕರು. ಅವನು ಕೂಡಿಸಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಮೊಳಕೈ ಉಬ್ಬಿ ಬಿರಿಯಿತು. ಉಗಿ ನಿಲ್ಲಿಸಲು ಓಡಿದ ಕಾಸಿಂಸಾಬನ ಬಲಗೈ ಬೆಂದಿತು. ತಪ್ಪು ಮಾಲು ಆರಿಸಿದವರು ಯಾರೆಂದು ಮ್ಯಾನೇಜರು ಕೇಳಿದಾಗ, ಬಟ್ಟೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ನಿಂತಿದ್ದ ಅವನು ನನ್ನತ್ತ ನೋಡಿ, "ಸಾಹೇಬ್ರು ಹೇಳ್ತಾರ್ರಿ" ಎಂದ.

ಓದುಗ ಮಿತ್ರರೇ, ವಾಚಾಳಿಯೆಂದೇ ಖ್ಯಾತನಾದ ನಾನು ನನ್ನ ಬೂಟುಗಳನ್ನು ನೋಡುತ್ತ ಸುಮ್ಮನೆ ನಿಂತೆ. ಅವನ ಕೆಲಸ ಹೋಯಿತು.

ದೇವದುರ್ಗದ ನನ್ನ ಮನೆಗೆ ಹೋದಾಗಲೆಲ್ಲ ಮಾನ್ವಿಯ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದವನು, ಎರಡು ವರ್ಷದ ಮೇಲೆ ಮ್ಯಾನೇಜರಿಗೆ ನಿಜವನ್ನೆಲ್ಲ ಬರೆದುಕೊಟ್ಟು ಆ ಬಸ್ಸನ್ನೇ ಹತ್ತಿದೆ.

ಕಾಸಿಂಸಾಬ್ ತನ್ನ ಮನೆಯ ಅಂಗಳದಲ್ಲಿ ಎಡಗೈಯಿಂದ ಪಂಪು ಬಿಚ್ಚುತ್ತಿದ್ದ. ನಾನು ತಡವರಿಸುತ್ತ ಒಪ್ಪಿಕೊಂಡದ್ದನ್ನು ಕೇಳಿ, "ಅದು ನನಗ ಅವತ್ತೇ ಗೊತ್ತಿತ್ರಿ" ಎಂದ. "ನಮ್ಮಪ್ಪ ಕಮ್ಮಾರ. ಕಿಡಿ ಓದೋದು ಕಲಿಸಿದವ್ರು ಅವ್ರೇ. ಮಗ ಕಬ್ಬಿಣದ ಗುರುತು ತಪ್ಪಿದ ಅಂತ ನನ್ನ ಕೂಡ ಮಾತು ಬಿಟ್ಟಾರ. ನನ್ನ ಮಾತು ನಂಬಲಿಲ್ಲ. ಅವರ ಮುಂದ ಹೇಳ್ರಿ."

ಒಳಗೆ ಚಾಪೆಯ ಮೇಲೆ ಕೂತಿದ್ದ ಅವನ ಮುದಿ ತಂದೆಯೆದುರು ಎಲ್ಲವನ್ನೂ ಹೇಳಿದೆ: ಬಣ್ಣ, ಕಿಡಿ, ನಗು, ಬೂಟು. ಅವರು ನನ್ನನ್ನು ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಮಗನನ್ನು ಹತ್ತಿರ ಕರೆದು, ಸುಟ್ಟು ಸುಕ್ಕಾದ ಆ ಕೈಯನ್ನು ಎರಡೂ ಅಂಗೈಗಳಲ್ಲಿ ಹಿಡಿದುಕೊಂಡರು.

"ಮಾಫ್ ಕರ್, ಬೇಟಾ."

ಇಷ್ಟು ಹೊತ್ತು ಅಷ್ಟೆಲ್ಲ ಮಾತಾಡಿದ ನಾನು ಕ್ಷಮೆಯ ಆ ಒಂದು ಮಾತನ್ನು ಇನ್ನೂ ಆಡಿರಲೇ ಇಲ್ಲ.