ಬಾವನ ಹೆಸರಿನ ಎಂಜಲು

ನಮ್ಮಕ್ಕ ಪಂಕ್ಚರ್ ಹಾಕುತ್ತಾಳೆ. ಹೌದು, ಸೈಕಲ್ಲಿಗೆ, ಸ್ಕೂಟರಿಗೆ, ಒಮ್ಮೊಮ್ಮೆ ಲಾರಿಗೂ. ಅಂಗಡಿ ಬಾವನದು, ಕೈ ಅಕ್ಕನದು. ಬಾವ ಒಳಗೆ ಕುಳಿತು ಬೋಲ್ಟು, ಬ್ರೇಕ್ ವೈರು, ಬೆಲ್ಲು ಮಾರುತ್ತಾರೆ. ಅಕ್ಕ ಹೊರಗೆ ಕುಕ್ಕರುಗಾಲಲ್ಲಿ ಕೂತು ಟಯರ್ ಬಿಚ್ಚುತ್ತಾಳೆ. ಗಾಳಿ ತುಂಬಿದ ಮೇಲೆ ಬೆರಳಿಗೆ ಎಂಜಲು ಹಚ್ಚಿಕೊಂಡು ವಾಲ್ವಿನ ಬಾಯಿಗೆ ಸವರುತ್ತಾಳೆ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. "ಥೂ, ನೀರಿಲ್ವೇನಮ್ಮಾ?" ಎಂದು ಮುಖ ಸಿಂಡರಿಸುವ ಗಿರಾಕಿಗೆ, "ನೀರು ದೂರ ಇದೆ ಸ್ವಾಮಿ, ಬಾಯಿ ಹತ್ರ ಇದೆ" ಎನ್ನುತ್ತಾಳೆ. ಅವಳ ಬಾಯಿಗೆ ಸಿಕ್ಕಿ ಬಚಾವಾದವರನ್ನು ನಾನಂತೂ ಕಂಡಿಲ್ಲ.

ಹೊಟ್ಟೆಯ ವಿಷಯಕ್ಕೆ ಬಂದರೆ ಗಂಡ ಹೆಂಡತಿ ಉತ್ತರ ದಕ್ಷಿಣ. ಅಕ್ಕ ಕಲ್ಲು ತಿಂದರೂ ಕರಗಿಸಿಕೊಳ್ಳುವವಳು. ಬಾವನಿಗೆ ಒಂದು ತುತ್ತು ಹೆಚ್ಚಾದರೆ ಎದೆಯುರಿ, ಕಡಿಮೆಯಾದರೆ ಹೊಟ್ಟೆನೋವು. ಅಂಗಿ ಮರೆತರೂ ಮಾತ್ರೆ ಮರೆಯುವುದಿಲ್ಲ. ಆದರೆ ಬಾಯಿಂದ ಕೊಳವೆ ಇಳಿಸಿ ಹೊಟ್ಟೆ ನೋಡಿಸಿಕೊಳ್ಳಿ ಎಂದರೆ ಸಾಕು, ಆಸಾಮಿ ನಾಪತ್ತೆ. ಅವರ ಮನೆಯ ಮೇಲಿನ ಕೋಣೆಯಲ್ಲೇ ಇರುವ ನಾನು ಎಷ್ಟು ಬೈದರೂ ಅವರದು ಒಂದೇ ರಾಗ: "ನಾಳೆ ಹೋಗ್ತೀನಮ್ಮಾ."

ಆಗ ದೊಡ್ಡಾಸ್ಪತ್ರೆಯವರು ಹೊಸದೊಂದು ಪರೀಕ್ಷೆಯನ್ನು ಪ್ರಯೋಗಕ್ಕೆ ಇಟ್ಟಿದ್ದರು. ಹೊಟ್ಟೆಯ ತೊಂದರೆ ಇರುವವರ ಎಂಜಲು ತೆಗೆದುಕೊಂಡು, ಅದರಲ್ಲಿರುವ ಡಿಎನ್‌ಎ ನೋಡಿ, ಹೊಟ್ಟೆಯ ಕ್ಯಾನ್ಸರಿನ ಸುಳಿವು ಹುಡುಕುವುದು. "ಇದೇ ಕೊನೇ ಮಾತಲ್ಲ. ಅನುಮಾನ ಬಂದ್ರೆ ಮಾತ್ರ ಕೊಳವೆ ಹಾಕಿ ನೋಡ್ತೀವಿ" ಎಂದು ನರ್ಸ್ ಬಾವನ ಕೈಗೆ ಒಂದು ಪುಟ್ಟ ಶೀಸೆ ಕೊಟ್ಟಳು. ಬೆಳಿಗ್ಗೆ ಎದ್ದು, ಹಲ್ಲುಜ್ಜುವ ಮೊದಲು, ಗೆರೆಯವರೆಗೆ ಉಗಿಯಬೇಕು. ಅಷ್ಟೇ.

ಅಷ್ಟೇ ಆಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮರುದಿನ ನಾನು ಕಾಫಿಪುಡಿಗೆಂದು ಕೆಳಗಿಳಿದರೆ, ಬಾವ ಅಡುಗೆಮನೆಯ ತೊಟ್ಟಿಯ ಮುಂದೆ ಶೀಸೆ ಹಿಡಿದು ಬೆವರುತ್ತಿದ್ದರು. ಭಯಕ್ಕೆ ಬಾಯಿ ಒಣಗಿಹೋಗಿತ್ತು. ತಳದಲ್ಲಿ ಒಂದಿಷ್ಟು ನೊರೆ, ಅಷ್ಟರಲ್ಲೇ ಸುಸ್ತು.

"ದಿನವಿಡೀ ನನ್ನ ಮೇಲೆ ಹಾರಾಡೋವಾಗ ಉಗುಳು ಎಲ್ಲಿಂದ ಬರುತ್ತೆ?" ಎಂದಳು ಅಕ್ಕ. ಬಾವ ಶೀಸೆಯನ್ನು ಕಟ್ಟೆಯ ಮೇಲೆ ಕುಕ್ಕಿ ಬಚ್ಚಲಿಗೆ ನಡೆದರು. ಅಕ್ಕ ನನ್ನತ್ತ ಕಣ್ಣು ಮಿಟುಕಿಸಿ, ಶೀಸೆಯನ್ನೆತ್ತಿ ಗೆರೆಯವರೆಗೂ ತುಂಬಿಸಿಬಿಟ್ಟಳು. "ಒಂದೇ ಲೋಟದಲ್ಲಿ ಕುಡಿಯೋರಿಗೆ ಎಂಜಲು ಬೇರೆ ಬೇರೆ ಏನೇ?" ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಫಲಿತಾಂಶ ಬಂತು: ಅನುಮಾನವಿದೆ, ತಕ್ಷಣ ಬನ್ನಿ.

ಬಾವ ಕುಸಿದು ಕುಳಿತರು. ಅಂಗಡಿಯ ಬಾಗಿಲು ಎಳೆದಾಯಿತು. ಅಕ್ಕನೊಬ್ಬಳೇ ಗಟ್ಟಿ. ಶೀಸೆಯ ಸಂಗತಿ ಹೇಳೋಣವೇ ಎಂದು ನಾನು ಪಿಸುಗುಟ್ಟಿದರೆ, "ಹೇಳಿದ್ರೆ ಮತ್ತೆ ಉಗೀರಿ ಅಂತಾರೆ, ಮತ್ತೆ ಕಾಯಬೇಕು. ಮೊದ್ಲು ಅವರ ಹೊಟ್ಟೆ ನೋಡ್ಲಿ" ಎಂದಳು. ನನಗೂ ಸರಿಯೆನಿಸಿತು. ಹೊಟ್ಟೆಯ ರೋಗಿ ಮನೆಗೊಬ್ಬರೇ, ಅದು ಬಾವ. ಇನ್ನೊಂದು ಯೋಚನೆ ನಮ್ಮಿಬ್ಬರ ತಲೆಗೂ ಬರಲೇ ಇಲ್ಲ.

ಆಸ್ಪತ್ರೆಗೆ ಹೋದ ದಿನ ಬಾವ ಖಾಲಿ ಹೊಟ್ಟೆಯಲ್ಲಿರಬೇಕಿತ್ತು. ಅವರು ಉಪವಾಸ ಇರುವಾಗ ನಾನು ತಿನ್ನಲೇ ಎಂದು ಅಕ್ಕನೂ ತೊಟ್ಟು ನೀರು ಮುಟ್ಟಿರಲಿಲ್ಲ. ಬಾವನ ಗಂಟಲಿಗೆ ಮರಗಟ್ಟುವ ಔಷಧಿ ಹೊಡೆದು ಒಳಗೆ ಕರೆದುಕೊಂಡು ಹೋದರು. ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ. ಅಕ್ಕ ಉಗುರಿನ ಸಂದಿಯ ಗ್ರೀಸನ್ನು ಕೆರೆಯುತ್ತಲೇ ಇದ್ದಳು.

ಡಾಕ್ಟರಮ್ಮ ನಗುತ್ತಾ ಹೊರಬಂದರು. "ಸ್ವಲ್ಪ ಆಸಿಡ್ ಜಾಸ್ತಿ ಅಷ್ಟೇ. ಹೊಟ್ಟೆಯಲ್ಲಿ ಕೆಟ್ಟದ್ದು ಏನೂ ಇಲ್ಲ. ಎಂಜಲ ಪರೀಕ್ಷೆ ಒಂದೊಂದ್ಸಲ ಹೀಗೆ ಸುಮ್ಮನೆ ಹೆದರಿಸುತ್ತೆ."

ಅಯ್ಯೋ, ಆ ಮನುಷ್ಯನ ಸಂತೋಷ ನೋಡಬೇಕಿತ್ತು! ಮರಗಟ್ಟಿದ ನಾಲಿಗೆಯಲ್ಲೇ ತೊದಲುತ್ತಾ ನರ್ಸಿಗೆ ಕೈಮುಗಿದರು, ಕಸ ಗುಡಿಸುವವನನ್ನು ತಬ್ಬಿಕೊಂಡರು. ನಾನೂ ನಗುತ್ತಿದ್ದೆ. ನಗುನಗುತ್ತಲೇ ಅಕ್ಕನ ಕಡೆ ತಿರುಗಿದೆ.

ಅಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ.

ಆಗ ಹೊಳೆಯಿತು. ಶೀಸೆಯಲ್ಲಿ ಇದ್ದದ್ದು ಇಬ್ಬರ ಎಂಜಲು. ಒಬ್ಬರ ಹೊಟ್ಟೆ ಚೊಕ್ಕ. ಹಾಗಾದರೆ ಇನ್ನೊಬ್ಬರದು?

"ಬಾಯಿ ಬಿಡಬೇಡ ಕಣೇ" ಎಂದು ಅಕ್ಕ ನನ್ನ ಮುಂಗೈ ಅದುಮಿದಳು. "ಇವತ್ತೊಂದಿನ ನಗಲಿ ಬಿಡು ಅವರು. ಅದು ಸುಳ್ಳೂ ಇರಬಹುದು."

"ನಿನ್ನ ತಲೆ! ಸಾಯ್ತೀಯಾ ಹಾಗಾದ್ರೆ, ಅವರು ನಗಲಿ ಅಂತ?" ನನ್ನ ದನಿ ಎಷ್ಟು ಜೋರಾಗಿತ್ತೋ, ಇಡೀ ಪಡಸಾಲೆ ತಿರುಗಿ ನೋಡಿತು. ನೋಡಲಿ! ಡಾಕ್ಟರಮ್ಮನ ಎದುರು ನಿಂತು ಎಲ್ಲವನ್ನೂ ಒದರಿಬಿಟ್ಟೆ: ಅಡುಗೆಮನೆ, ನೊರೆ, ಗೆರೆ, ನಮ್ಮ ಹಾಳು ನಗು.

ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಅಕ್ಕನಿಗೆ ಒಂದೇ ಪ್ರಶ್ನೆ ಕೇಳಿದರು: "ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀರಾ?" ಅಕ್ಕ ಇಲ್ಲವೆಂದು ತಲೆಯಾಡಿಸಿದಳು. "ಹಾಗಾದ್ರೆ ಈಗಲೇ ನೋಡಿಬಿಡೋಣ, ಬನ್ನಿ."

ಬಾವ ನನ್ನ ಮುಖವನ್ನೇ ನೋಡುತ್ತಿದ್ದರು. "ಅವಳಿಗೇನಾಗಿದೆ? ಅವಳು ಗಟ್ಟಿಮುಟ್ಟಾಗಿದ್ದಾಳೆ" ಎಂದರು. ಮತ್ತೆ ಮತ್ತೆ ಅದನ್ನೇ ಹೇಳಿದರು.

ಈ ಸಲ ಬಾಗಿಲು ತೆರೆಯಲು ತುಂಬಾ ಹೊತ್ತಾಯಿತು. ನಮ್ಮನ್ನು ಒಳಗೆ ಕರೆದರು. ಅಕ್ಕ ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಡಾಕ್ಟರಮ್ಮನ ಮುಖದಲ್ಲಿ ನಗುವಿರಲಿಲ್ಲ.

"ಒಂದು ಸಣ್ಣ ಗಾಯದ ಥರ ಕಾಣಿಸ್ತಿದೆ. ಅದರ ಚೂರು ತೆಗೆದು ಲ್ಯಾಬಿಗೆ ಕಳಿಸ್ತಿದೀನಿ. ನನಗೆ ಅನುಮಾನ ಕ್ಯಾನ್ಸರಿನದ್ದೇ. ಆದ್ರೆ ಚಿಕ್ಕದಿದೆ. ಈಗಲೇ ಸಿಕ್ಕಿದ್ದು ಒಳ್ಳೇದಾಯ್ತು, ತೆಗೆಯೋಕಾಗುತ್ತೆ ಅನ್ಸುತ್ತೆ."

ನಾನು ಅತ್ತೆನೋ ಕಿರುಚಿದೆನೋ ನೆನಪಿಲ್ಲ. ಡಾಕ್ಟರಮ್ಮ ಇನ್ನೂ ಏನೋ ಹೇಳುತ್ತಿದ್ದರು, ಆದರೆ ಬಾವ ಕೇಳಿಸಿಕೊಳ್ಳುತ್ತಿರಲಿಲ್ಲ. ಕೊಳವೆಯ ಹೆಸರೆತ್ತಿದರೆ ನಾಪತ್ತೆಯಾಗುತ್ತಿದ್ದ ಆ ಮನುಷ್ಯ, ಚಪ್ಪಲಿ ಬಿಟ್ಟು, ಪಕ್ಕದ ಖಾಲಿ ಹಾಸಿಗೆ ಹತ್ತಿ ಅಂಗಾತ ಮಲಗಿಬಿಟ್ಟಿದ್ದರು.

"ನೀವು ಸರಿಯಾಗಿ ನೋಡಿಲ್ಲ ಡಾಕ್ಟ್ರೇ" ಎಂದರು. "ಅದು ನಂದೇ. ಇನ್ನೊಂದ್ಸಲ ಹಾಕಿ ನೋಡಿ." ಹಾಗೆಂದು ಕಣ್ಣು ಮುಚ್ಚಿ, ಬಾಯಿ ತೆರೆದುಕೊಂಡು ಕಾಯುತ್ತಾ ಮಲಗಿದರು.