ಕಣ್ಣು ಮುಚ್ಚಿ ಕಂಪ್ಯೂಟರ್ ಎಬ್ಬಿಸುವ ಅಕ್ಕ

ದೊಡ್ಡಾಸ್ಪತ್ರೆಯ ನೆಲಮಹಡಿ, ಕಾರಿಡಾರಿನ ಕೊನೆಯ ಕೋಣೆ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೇಜಿನ ಮೇಲೆ ಒಂದು ಟೆಲಿಫೋನ್ ಬೋರ್ಡು, ಪಕ್ಕದಲ್ಲಿ ಒಂದು ಹಳೆಯ ಕಂಪ್ಯೂಟರ್. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಸ್ವೆಟರಿನ ತೋಳು ಮೇಲಕ್ಕೆ ಸರಿಸಿ, ಕಿವಿಗೆ ಹೆಡ್‌ಫೋನ್ ಏರಿಸಿ, ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಆಮೇಲೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಬಲಗೈ ಮೇಜಿನ ಅಂಚು ತಡವುತ್ತಾ ಹೋಗಿ ಸ್ವಿಚ್ಚು ಒತ್ತುತ್ತದೆ.

ಪೆಟ್ಟಿಗೆಯೊಳಗಿನ ಫ್ಯಾನು ಗುಂಯ್ ಎನ್ನುತ್ತದೆ. ಬೆರಳುಗಳು ಕೀಲಿಮಣೆಯನ್ನು ಹುಡುಕಿಕೊಂಡು ಪಾಸ್‌ವರ್ಡು ಒತ್ತುತ್ತವೆ. ಟಿಣ್ ಟಿಣ್ ಎಂಬ ಸಣ್ಣ ರಾಗ ಕೇಳುತ್ತದೆ. ಅದಾದ ಮೇಲೆ ಒಂದು ದನಿ ಬರಬೇಕು. ಬರುವುದಿಲ್ಲ. ಕಣ್ಣು ಮುಚ್ಚಿಕೊಂಡೇ ಕಾಯುತ್ತಾರೆ. ಮತ್ತೂ ಕಾಯುತ್ತಾರೆ. ಕೊನೆಗೆ ಕಣ್ಣು ತೆರೆದು, ಪರದೆಯನ್ನು ದಿಟ್ಟಿಸಿ, ಹಠಮಾರಿ ಮಗುವನ್ನು ಗದರುವ ಹಾಗೆ ಕೇಳುತ್ತಾರೆ: "ಯಾಕಪ್ಪಾ, ಇವತ್ತು ಮೌನವ್ರತಾನಾ?"

ಇನ್ನು ಸ್ವಲ್ಪ ಹೊತ್ತಿಗೆ ಈ ಕುರ್ಚಿಯ ನಿಜವಾದ ಯಜಮಾನರು ಬರುತ್ತಾರೆ. ಆಸ್ಪತ್ರೆಗೆ ಬರುವ ಎಲ್ಲ ಕರೆಗಳನ್ನೂ ಆಯಾ ವಾರ್ಡಿಗೆ ಜೋಡಿಸುವವರು ಅವರು. ಎಲ್ಲರ ಬಾಯಲ್ಲೂ 'ಟೆಲಿಫೋನ್ ಅಣ್ಣ'. ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಒಂದು ಪ್ರೋಗ್ರಾಮ್ ಇದೆ. ಕಂಪ್ಯೂಟರ್ ಎದ್ದ ಕೂಡಲೇ ಅದೂ ಎದ್ದು ಮಾತಾಡಲು ಶುರು ಮಾಡಬೇಕು. ಅದು ಮಾತಾಡದಿದ್ದರೆ ಅವರ ಪಾಲಿಗೆ ಈ ಪೆಟ್ಟಿಗೆ ಇದ್ದೂ ಇಲ್ಲ. ಅವರು ಬರುವುದರೊಳಗೆ ಇದರ ಬಾಯಿ ಬಿಡಿಸಬೇಕು. ಇವತ್ತಿನ ಬೆಳಗಿನ ಪಂಚಾಯಿತಿ ಇಷ್ಟೇ, ಆದರೆ ಇದು ಸಣ್ಣದಲ್ಲ.

ಪಂಚಾಯಿತಿ ಬಿಡಿಸಲು ಕೂತವರನ್ನು ಆಸ್ಪತ್ರೆಯವರು 'ಎಬ್ಬಿಸೋ ಅಕ್ಕ' ಎನ್ನುತ್ತಾರೆ. ಅವರ ಹುದ್ದೆಗೆ ಬೇರೆ ಹೆಸರಿಲ್ಲ. ರೋಗಿಗಳ ಸಾಲು ಬೆಳೆಯುವ ಮೊದಲೇ ಬಂದು, ಚೀಟಿ ಬರೆಯುವ ಕೌಂಟರಿನಿಂದ ಹಿಡಿದು ಔಷಧಿ ಕೊಡುವ ಕಿಟಕಿಯವರೆಗೆ, ಅರವತ್ತಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಎಬ್ಬಿಸಿ ಕೂರಿಸುವುದು ಅವರ ಕೆಲಸ. ಸ್ವಿಚ್ಚು ಯಾರು ಬೇಕಾದರೂ ಒತ್ತಬಹುದು. ಸ್ವಿಚ್ಚು ಒತ್ತಿದ ಮೇಲೆ ಒಳಗೆ ಯಾರು ಯಾರು ಏಳಬೇಕು, ಯಾರು ಇನ್ನೂ ಸ್ವಲ್ಪ ಮಲಗಿರಬೇಕು, ಯಾರು ಈ ಮನೆಗೆ ಸಂಬಂಧವೇ ಇಲ್ಲದವರು ಎಂದು ತೀರ್ಮಾನಿಸುವುದು ಅಕ್ಕನ ಪಾಲಿಗೆ ಬಂದ ವಿದ್ಯೆ.

"ಒಂದು ದೊಡ್ಡ ಸಂಸಾರ ಅಂದ್ಕೊಳಿ," ಎಂದು ಅವರೇ ಬಿಡಿಸಿ ಹೇಳುತ್ತಾರೆ. "ಬೆಳಿಗ್ಗೆ ಅತ್ತೆ, ಮಾವ, ಮೈದುನ, ನಾದಿನಿ, ಮಕ್ಕಳು ಎಲ್ಲಾ ಒಂದೇ ಸಲ ಎದ್ದು ಇರೋ ಒಂದೇ ಬಚ್ಚಲಿಗೆ ನುಗ್ಗಿದ್ರೆ ಏನಾಗುತ್ತೆ? ಯಾರ ಮುಖಾನೂ ತೊಳೆಯೋದಾಗಲ್ಲ. ಕಂಪ್ಯೂಟರ್ ಒಳಗೂ ಅದೇ ಕತೆ. ನಾನು ಬಚ್ಚಲ ಬಾಗಿಲಲ್ಲಿ ನಿಂತಿರೋ ಹಿರೀಸೊಸೆ."

ಈ ಸಂಸಾರಕ್ಕೆ ಕರೆಯದೆ ಬಂದ ನೆಂಟರು ಕಡಿಮೆಯೇನಿಲ್ಲ. ಯಾವುದೋ ಒಂದು ಹಾಡು ಕೇಳಲೆಂದು ಹಾಕಿಕೊಂಡ ಪ್ರೋಗ್ರಾಮ್ ಮಾರನೆಯ ದಿನದಿಂದ ದಿನವೂ ತಾನೇ ತಾನಾಗಿ ಎದ್ದು ಕೂರುತ್ತದೆ. ಎಂದೋ ಗುಜರಿಗೆ ಹೋದ ಪ್ರಿಂಟರಿನ ಸಹಾಯಕ ಇನ್ನೂ ನಿಷ್ಠೆಯಿಂದ ಎದ್ದು ತನ್ನ ಪ್ರಿಂಟರನ್ನು ಹುಡುಕುತ್ತಲೇ ಇರುತ್ತಾನೆ. ಬೆರಳು ತೋರಿಸಿದರೆ ಹಸ್ತ ನುಂಗುವ ಜಾತಿ ಇವು. ಅಕ್ಕ ಒಂದೊಂದನ್ನೇ ಮಾತಾಡಿಸಿ ಮಲಗಿಸುತ್ತಾರೆ. ಕಿತ್ತು ಎಸೆಯುವುದಿಲ್ಲ, ಬೇಕೆಂದಾಗ ಎದ್ದು ಬರಲಿ ಎಂದು ಬಿಡುತ್ತಾರೆ. ವೈರಸ್ ಕಾಯುವ ಕಾವಲುಗಾರನನ್ನು ಮಾತ್ರ ಯಾರು ಎಷ್ಟು ಗೋಗರೆದರೂ ಮಲಗಿಸುವುದಿಲ್ಲ. ಎಲ್ಲ ಆಫ್ ಮಾಡಿದರೆ ಇನ್ನೂ ಬೇಗ ಏಳುತ್ತದಲ್ಲ ಎಂದು ಕೇಳಿದರೆ, "ನೆಗಡಿ ಬಂತು ಅಂತ ಮೂಗು ಕೊಯ್ಕೊಳಕ್ಕಾಗುತ್ತಾ?" ಎಂದು ನಗುತ್ತಾರೆ.

ಅವರು ಈ ವಿದ್ಯೆಗೆ ಬಂದದ್ದು ಕಂಪ್ಯೂಟರಿನ ದಾರಿಯಿಂದಲ್ಲ. ಮೊದಲು ಕಡತಗಳ ಕೋಣೆಯಲ್ಲಿದ್ದರು. ಧೂಳು ಕೊಡವಿ, ಕಟ್ಟು ಕಟ್ಟಿ, ಬೇಕಾದ ರೋಗಿಯ ಕಾಗದ ಹುಡುಕಿ ಕೊಡುತ್ತಿದ್ದರು. ಕಾಗದಗಳೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಅವರನ್ನು ಚೀಟಿ ಕೌಂಟರಿಗೆ ಕೂರಿಸಿದರು. ಅಲ್ಲಿನ ಕಂಪ್ಯೂಟರೋ, ಕುಂಭಕರ್ಣನ ತಮ್ಮ. ಸ್ವಿಚ್ಚು ಒತ್ತಿ, ಹೋಗಿ ಬಾಟಲಿಗೆ ನೀರು ತುಂಬಿಕೊಂಡು ಬಂದರೂ ಅದು ಆಕಳಿಸುತ್ತಲೇ ಇರುತ್ತಿತ್ತು. ಗಾಜಿನ ಆಚೆ ಜ್ವರದ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ನಿಂತಿರುತ್ತಿದ್ದರು. ಬೈಗುಳ ಬೀಳುತ್ತಿದ್ದುದು ಕಂಪ್ಯೂಟರಿಗಲ್ಲ, ಅಕ್ಕನಿಗೆ.

ಒಂದು ದಿನ ಕಂಪ್ಯೂಟರ್ ವಿಭಾಗದ ಮೇಡಂ ಅದೇ ಕೌಂಟರಿಗೆ ಬಂದಾಗ ಅಕ್ಕ ಅಳುವುದೊಂದು ಬಾಕಿ. ಮೇಡಂ ಪಕ್ಕದ ಸ್ಟೂಲಿನ ಮೇಲೆ ಕೂತು, ಕಂಪ್ಯೂಟರ್ ಜೊತೆಗೇ ಏಳುವ ಪ್ರೋಗ್ರಾಮುಗಳ ಪಟ್ಟಿ ತೆರೆದು ತೋರಿಸಿದರು. ಯಾವುದು ಎಷ್ಟು ಹೊತ್ತು ತಿನ್ನುತ್ತದೆ, ಹೇಗೆ ತಡೆಯಬೇಕು, ಯಾವುದನ್ನು ಮುಟ್ಟಲೇಬಾರದು ಎಂದು ಸಮಾಧಾನವಾಗಿ ಹೇಳಿಕೊಟ್ಟರು. ಮರುದಿನ ಕುಂಭಕರ್ಣನ ತಮ್ಮ ಎದ್ದ ವೇಗ ನೋಡಿ ಅಕ್ಕನಿಗೇ ನಂಬಿಕೆ ಬರಲಿಲ್ಲ. ಪಕ್ಕದ ಕೌಂಟರಿನವರು "ನಮ್ದೂ ಸ್ವಲ್ಪ ನೋಡಮ್ಮ" ಎಂದರು. ಆಮೇಲೆ ರಕ್ತ ಪರೀಕ್ಷೆಯವರು, ಎಕ್ಸ್‌ರೇಯವರು. ಹೀಗೆ ಕೈಗೆ ಹತ್ತಿದ ಕೆಲಸ ಕಡೆಗೆ ಅವರ ಕೆಲಸವೇ ಆಗಿಹೋಯಿತು.

ಮನೆಯಲ್ಲಿ ಗಂಡ ಹಾಲಿನ ವ್ಯಾನು ಓಡಿಸುತ್ತಾರೆ. ಇಬ್ಬರೂ ಕತ್ತಲಲ್ಲೇ ಹೊರಡುವವರು. "ನನ್ನನ್ನ ಎಬ್ಬಿಸೋಕೆ ಮೂರು ಸಲ ಕೂಗ್ಬೇಕು ಇವಳು. ಅಲ್ಲಿ ಆಸ್ಪತ್ರೇನೇ ಎಬ್ಬಿಸ್ತಾಳಂತೆ!" ಎಂದು ಅವರ ಕುಚೋದ್ಯ. ಆದರೆ ಮೇಜುಗಳ ಕೆಳಗೆ ತೂರಿ ತೂರಿ ಹೆಂಡತಿಯ ಮೊಣಕಾಲು ಸವೆದದ್ದು ಅವರಿಗೆ ಗೊತ್ತು. ಸಂಜೆ ಮುಲಾಮು ಹಚ್ಚುವವರು ಅವರೇ. ಆಸ್ಪತ್ರೆಯಲ್ಲೂ ಹೊಗಳಿಕೆಯ ಹೂಮಳೆಯೇನಿಲ್ಲ. ಎಲ್ಲ ಸರಿಯಿದ್ದ ದಿನ ಅಕ್ಕ ಇದ್ದಾರೆಂಬುದೇ ಯಾರಿಗೂ ನೆನಪಾಗದು. ಏನಾದರೂ ಕೈಕೊಟ್ಟರೆ ಮಾತ್ರ "ನೀವೇನೋ ಮಾಡಿದ್ರಿ" ಎಂಬ ಮಾತು ಕಾರಿಡಾರಿನುದ್ದಕ್ಕೂ ಬೆನ್ನಟ್ಟಿ ಬರುತ್ತದೆ.

ಒಂದು ಸಲ ಆ ಮಾತು ನಿಜವೂ ಆಗಿತ್ತು.

ಆಗಿನ್ನೂ ಅಕ್ಕ ಈ ಕೆಲಸಕ್ಕೆ ಹೊಸಬರು. ಹೊಸ ಅಗಸ ಬಟ್ಟೆಯನ್ನು ಎತ್ತಿ ಎತ್ತಿ ಒಗೆದನಂತೆ, ಅದೇ ಹುರುಪು. ಟೆಲಿಫೋನ್ ಕೋಣೆಯ ಕಂಪ್ಯೂಟರನ್ನೂ ಚುರುಕು ಮಾಡೋಣವೆಂದು ಸಂಜೆ ಬಂದು ಕೂತರು. ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವ ಒಂದು ಹೆಸರು ಕಂಡಿತು. ತಲೆಬುಡ ತಿಳಿಯದ ನಾಲ್ಕು ಅಕ್ಷರ. "ಯಾರಪ್ಪ ಇವನು ದಂಡಪಿಂಡ, ಎಲ್ರಿಗಿಂತ ಮುಂಚೆ ಎದ್ದು ಕೂರ್ತಾನಲ್ಲ ಅಂತ ಆಫ್ ಮಾಡ್ಬಿಟ್ಟೆ. ಕಂಪ್ಯೂಟರ್ ಪಟ್ ಅಂತ ಎದ್ದಿತು. ನನ್ನ ಬೆನ್ನು ನಾನೇ ತಟ್ಕೊಂಡು ಮನೆಗೆ ಹೋದೆ." ಆ ನಾಲ್ಕು ಅಕ್ಷರವೇ ಪರದೆ ಓದಿ ಹೇಳುವ ಪ್ರೋಗ್ರಾಮ್ ಎಂದು ಅಕ್ಕನಿಗೆ ಆಗ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಟೆಲಿಫೋನ್ ಅಣ್ಣ ಸ್ವಿಚ್ಚು ಒತ್ತಿ ಕಾದರು. ದನಿ ಬರಲಿಲ್ಲ. ಕಂಪ್ಯೂಟರ್ ಕೆಟ್ಟಿದೆ ಎಂದುಕೊಂಡರು. ಕರೆಗಳು ಆಗಲೇ ಶುರುವಾಗಿದ್ದವು. ಕೇಳಲು ಹತ್ತಿರ ಯಾರೂ ಇರಲಿಲ್ಲ. ಸರಿ, ನೆನಪಿನಿಂದಲೇ ಒಂದೊಂದು ವಾರ್ಡಿನ ನಂಬರಿಗೆ ಜೋಡಿಸುತ್ತಾ ಹೋದರು. ಅವರ ನೆನಪು ಸಾಮಾನ್ಯದ್ದಲ್ಲ, ಒಂದೂ ತಪ್ಪಲಿಲ್ಲ. ಆದರೆ ಮಕ್ಕಳ ವಾರ್ಡನ್ನು ಆ ವಾರವಷ್ಟೇ ಮೇಲಿನ ಮಹಡಿಗೆ ಸಾಗಿಸಿದ್ದರು. ಹೊಸ ನಂಬರು ಇದ್ದದ್ದು ಕಂಪ್ಯೂಟರಿನಲ್ಲಿ ಮಾತ್ರ. ದೂರದೂರಿನಿಂದ ಒಬ್ಬ ತಂದೆ, ಹಿಂದಿನ ದಿನ ಆಪರೇಷನ್ ಆದ ಮಗಳ ಬಗ್ಗೆ ಕೇಳಲು ಕರೆ ಮಾಡುತ್ತಲೇ ಇದ್ದ. ಖಾಲಿ ಕೋಣೆಯಲ್ಲಿ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಯಾರೂ ಎತ್ತದಿದ್ದಾಗ ತಂದೆಯ ಮನಸ್ಸು ಎಲ್ಲೆಲ್ಲಿಗೆ ಹೋಗಿರಬೇಡ! ಎರಡು ಬಸ್ಸು ಬದಲಿಸಿ ಓಡಿ ಬಂದ. ಮಗಳು ಮೇಲಿನ ಮಹಡಿಯಲ್ಲಿ ಹಾಲು ಕುಡಿದು ಹಾಯಾಗಿ ಮಲಗಿದ್ದಳು.

ಆ ತಂದೆ ಇಳಿದು ಬಂದು ಟೆಲಿಫೋನ್ ಅಣ್ಣನ ಮೇಲೆ ಕೂಗಾಡಿದ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಸುದ್ದಿ ಅಕ್ಕನ ಕಿವಿಗೆ ಬಿತ್ತು. ನೇರವಾಗಿ ಈ ಕೋಣೆಗೆ ಬಂದು, ಅದು ತನ್ನ ಕೈಯ ಕೆಲಸವೆಂದು ಹೇಳಿಬಿಟ್ಟರು. ಅಣ್ಣ ಬೈಯುತ್ತಾರೆಂದು ಕಾದರೆ ಅವರು ನಕ್ಕರಂತೆ. "ನೀವು ಕಣ್ಣು ಬಿಟ್ಕೊಂಡು ನೋಡಿದ್ರಿ ಅಕ್ಕ, ಅದಕ್ಕೇ ಹೀಗಾಯ್ತು. ಒಂದ್ಸಲ ಕಣ್ಣು ಮುಚ್ಕೊಂಡು ಇಲ್ಲಿ ಕೂತ್ಕೊಳಿ."

ಅಕ್ಕ ಕೂತರು. ಅವತ್ತಿನಿಂದ ಇವತ್ತಿನವರೆಗೂ ಅದೇ ಅವರ ಪಾಠ. ಯಾವ ಕಂಪ್ಯೂಟರನ್ನೇ ಆಗಲಿ, ಮುಟ್ಟುವ ಮೊದಲು ಅದರ ಮುಂದೆ ದಿನವೂ ಕೂರುವವರ ಪಕ್ಕ ಒಂದು ಬೆಳಿಗ್ಗೆ ಕೂರುತ್ತಾರೆ. ಅವರು ಮೊದಲು ಏನು ತೆರೆಯುತ್ತಾರೆ, ಯಾವುದಕ್ಕೆ ಕಾಯುತ್ತಾರೆ ಎಂದು ನೋಡುತ್ತಾರೆ. ದಿನಕ್ಕೆ ಒಂದೇ ಒಂದನ್ನು ಮಲಗಿಸಿ, ಯಾರಿಗೂ ತೊಂದರೆಯಿಲ್ಲವೆಂದು ಖಾತ್ರಿಯಾದ ಮೇಲೆ ಇನ್ನೊಂದಕ್ಕೆ ಕೈ ಹಾಕುತ್ತಾರೆ. ಔಷಧಿ ಕಿಟಕಿಯಲ್ಲಿ ಎಡಗೈಯಿಂದ ಕೆಲಸ ಮಾಡುವ ಹುಡುಗಿಗೆ ಮೌಸಿನ ಗುಂಡಿ ಅದಲುಬದಲು ಮಾಡುವ ಪ್ರೋಗ್ರಾಮ್ ಮೊದಲು ಏಳಬೇಕು. ದೃಷ್ಟಿ ಮಂದವಾದ ಹಿರಿಯ ಗುಮಾಸ್ತರಿಗೆ ಅಕ್ಷರ ದೊಡ್ಡದು ಮಾಡುವುದು ಮೊದಲು ಬೇಕು. ಅರವತ್ತು ಚಿಲ್ಲರೆ ಕುರ್ಚಿಗಳ ಇಂಥ ಗುಟ್ಟುಗಳೆಲ್ಲ ಅವರ ತಲೆಯಲ್ಲಿ ಭದ್ರವಾಗಿವೆ. ಕೇಳುತ್ತಾ ಹೋದರೆ ಕಂಪ್ಯೂಟರ್ ಬಗ್ಗೆ ಮಾತಾಡುತ್ತಿದ್ದಾರೆಂದೇ ಅನ್ನಿಸುವುದಿಲ್ಲ. ಇಡೀ ಆಸ್ಪತ್ರೆಯ ಜನರನ್ನು ಒಬ್ಬೊಬ್ಬರನ್ನಾಗಿ ಪ್ರೀತಿಯಿಂದ ಓದಿಕೊಂಡವರ ಹಾಗಿರುತ್ತದೆ ಆ ಮಾತು.

ಆ ಅಕ್ಕನ ಎದುರಿಗೆ ಈಗ ಮೌನವ್ರತದ ಕಂಪ್ಯೂಟರ್ ಕೂತಿದೆ. ಕಿಟಕಿಯ ಗಾಜು ಬೆಳ್ಳಗಾಗುತ್ತಿದೆ. ರಾತ್ರಿ ಕಂಪ್ಯೂಟರ್ ವಿಭಾಗದವರು ಎಲ್ಲ ಯಂತ್ರಗಳಿಗೂ ದೂರದಿಂದಲೇ ಹೊಸ ಆವೃತ್ತಿಗಳನ್ನು ತುಂಬಿದ್ದಾರೆ. ಹಾಗೆ ತುಂಬಿದ ಮರುದಿನ ಅಕ್ಕ ಮೊದಲು ಬರುವುದು ಈ ಕೋಣೆಗೇ. ಹೆಡ್‌ಫೋನಿನ ತಂತಿ ಸರಿಯಿದೆ, ಟಿಣ್ ಟಿಣ್ ಕೇಳಿಸಿತಲ್ಲ. ಪಟ್ಟಿ ತೆರೆಯುತ್ತಾರೆ. ಓದಿ ಹೇಳುವ ಪ್ರೋಗ್ರಾಮಿನ ಹೆಸರು ಅಲ್ಲೇ ಇದೆ, ಚಾಲೂ ಇದೆ ಎಂದೂ ತೋರಿಸುತ್ತಿದೆ. "ಹೆಸರಿದೆ, ಆಸಾಮಿ ಇಲ್ಲ," ಎಂದು ಗೊಣಗುತ್ತಾರೆ.

ಒಳಗೊಳಗೆ ಬಗೆದು ನೋಡಿದಾಗ ಗಂಟು ಸಿಗುತ್ತದೆ. ಪ್ರೋಗ್ರಾಮಿನ ಹೊಸ ಆವೃತ್ತಿ ಬೇರೊಂದು ಜಾಗದಲ್ಲಿ ಬಂದು ಕೂತಿದೆ, ಪಟ್ಟಿಯಲ್ಲಿ ಮಾತ್ರ ಹಳೆಯ ವಿಳಾಸವೇ ಉಳಿದಿದೆ. ಕಂಪ್ಯೂಟರ್ ಬೆಳಿಗ್ಗೆ ಎದ್ದು, ಎಲ್ಲರನ್ನೂ ಕೂಗುತ್ತಾ, ಹಳೆಯ ಮನೆಯ ಬಾಗಿಲನ್ನು ಬಡಿದು, ಉತ್ತರ ಬಾರದೆ ಮುಂದೆ ಹೋಗುತ್ತಿದೆ. "ಮತ್ತೆ ಅದೇ ಖಾಲಿ ಕೋಣೆ, ನೋಡಿ," ಎನ್ನುತ್ತಾರೆ ಸಣ್ಣ ದನಿಯಲ್ಲಿ.

ಹಳೆಯ ವಿಳಾಸ ಅಳಿಸಿ ಹೊಸದನ್ನು ಸೇರಿಸುತ್ತಾರೆ. ರಾತ್ರಿ ನುಸುಳಿದ ಹೊಸ ನೆಂಟರಿಬ್ಬರನ್ನು ಮಲಗಿಸುತ್ತಾರೆ. ಪೂರ್ತಿ ಆರಿಸಿ, ಕಣ್ಣು ಮುಚ್ಚಿ, ಮತ್ತೆ ಸ್ವಿಚ್ಚು. ಗುಂಯ್, ಟಿಣ್ ಟಿಣ್, ಆಮೇಲೆ ಹೆಡ್‌ಫೋನಿನೊಳಗೆ ಒಂದು ಹೆಣ್ಣುದನಿ ನಿಧಾನವಾಗಿ ಮಾತು ಶುರು ಮಾಡುತ್ತದೆ. ಅಕ್ಕ ಮುಗುಳ್ನಗುತ್ತಾರೆ, ಆದರೆ ಏಳುವುದಿಲ್ಲ. ಟೆಲಿಫೋನ್ ಅಣ್ಣನಿಗೆ ಈ ವೇಗ ಆಮೆ ನಡಿಗೆ. ಅದನ್ನು ಏರಿಸುತ್ತಾ ಹೋಗುತ್ತಾರೆ. ಮಾತು ಮಾತಿಗೆ ಅಂಟಿ, ಕೊನೆಗೆ ಹುರಿಗಾಳು ಸಿಡಿದ ಸದ್ದಷ್ಟೇ ಉಳಿಯುತ್ತದೆ. "ನನಗೆ ಒಂದಕ್ಷರಾನೂ ಅರ್ಥ ಆಗ್ತಿಲ್ಲ. ಅಂದ್ರೆ ಈಗ ಅಣ್ಣನಿಗೆ ಸರಿ ಹೋಗುತ್ತೆ!" ಎನ್ನುತ್ತಾರೆ. ಇನ್ನೊಮ್ಮೆ ಆರಿಸಿ ಇನ್ನೊಮ್ಮೆ ಎಬ್ಬಿಸುತ್ತಾರೆ. ಒಂದು ಸಲ ಎದ್ದದ್ದು ಅದೃಷ್ಟವೂ ಇರಬಹುದು, ಎರಡನೇ ಸಲ ಎದ್ದರೆ ಮಾತ್ರ ನಂಬಬಹುದು ಎಂಬುದು ಅವರ ಲೆಕ್ಕ.

ಕಾರಿಡಾರಿನಲ್ಲಿ ಕೋಲಿನ ಟಕ್ ಟಕ್ ಕೇಳಿಸುತ್ತದೆ. ಅಕ್ಕ ಕಂಪ್ಯೂಟರನ್ನು ಆರಿಸಿ, ಹೆಡ್‌ಫೋನನ್ನು ಅದರ ಕೊಕ್ಕೆಗೆ ಸಿಕ್ಕಿಸಿ, ಬಾಗಿಲ ಬಳಿ ಸರಿದು ನಿಲ್ಲುತ್ತಾರೆ. ಟೆಲಿಫೋನ್ ಅಣ್ಣ ಒಳಗೆ ಬಂದು, ಕೋಲು ಮಡಚಿ, ಕುರ್ಚಿಯಲ್ಲಿ ಕೂರುತ್ತಾರೆ.

"ಕುರ್ಚಿ ಬೆಚ್ಚಗಿದೆಯಲ್ಲ ಅಕ್ಕ. ಏನಾಗಿತ್ತು ಇವತ್ತು?"

"ಏನಿಲ್ಲ ಅಣ್ಣ, ಸ್ವಲ್ಪ ಗಂಟಲು ಕಟ್ಟಿತ್ತು. ಬಿಟ್ಟಿದೆ." ಅವರಿಗೆ ಇವರು ಅಕ್ಕ, ಇವರಿಗೆ ಅವರು ಅಣ್ಣ, ಇಬ್ಬರಲ್ಲಿ ದೊಡ್ಡವರು ಯಾರೆಂಬುದು ಇಷ್ಟು ವರ್ಷವಾದರೂ ಇತ್ಯರ್ಥವಾಗಿಲ್ಲ.

ಅಣ್ಣ ಕಿವಿಗೆ ಹೆಡ್‌ಫೋನ್ ಏರಿಸಿ ಸ್ವಿಚ್ಚು ಒತ್ತುತ್ತಾರೆ. ಹುರಿಗಾಳು ಸಿಡಿಯುತ್ತದೆ. ಅವರು ತಲೆದೂಗುತ್ತಾರೆ. ಇನ್ನೂ ಎಬ್ಬಿಸಬೇಕಾದ ಕಂಪ್ಯೂಟರುಗಳು ಸಾಲುಗಟ್ಟಿವೆ, ಆದರೆ ಅಕ್ಕ ಬಾಗಿಲು ಬಿಟ್ಟು ಕದಲುವುದಿಲ್ಲ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದ್ದಕ್ಕೆ ಅಲ್ಲೇ ನಿಂತು ಪಿಸುದನಿಯಲ್ಲಿ ಉತ್ತರಿಸುತ್ತಾರೆ: "ದೊಡ್ಡ ಆಸೆ ಏನಿಲ್ಲ. ನಾನು ಒಂದಿನ ರಜಾ ಹಾಕ್ಬೇಕು, ಅವತ್ತು ನಾನು ಬಂದಿಲ್ಲ ಅಂತ ಇಲ್ಲಿ ಯಾರಿಗೂ ಗೊತ್ತಾಗ್ಬಾರ್ದು."

ದಿನದ ಮೊದಲ ಕರೆ ಬರುತ್ತದೆ. "ಹೆರಿಗೆ ವಾರ್ಡಾ? ಇರಿ ತಾತ, ಕೊಡ್ತೀನಿ. ಗಾಬರಿ ಮಾಡ್ಕೋಬೇಡಿ," ಎನ್ನುತ್ತಾರೆ ಅಣ್ಣ. ಹೆರಿಗೆ ವಾರ್ಡಿಗೆ ಬಣ್ಣ ಹೊಡೆಯುತ್ತಿದ್ದಾರೆ. ಬಾಣಂತಿಯರನ್ನೆಲ್ಲ ನಿನ್ನೆ ಸಂಜೆಯಷ್ಟೇ ಹಿಂದಿನ ಕಟ್ಟಡಕ್ಕೆ ಕಳಿಸಿದ್ದಾರೆ. ಅಣ್ಣನ ಬೆರಳು ಕೀಲಿಮಣೆಯ ಮೇಲೆ ಓಡುತ್ತದೆ. ಕಿವಿಯಲ್ಲಿ ಚಿಟಪಟ ಸದ್ದು. ಬೋರ್ಡಿನ ಮೇಲೆ ಹೊಸ ನಂಬರು ಒತ್ತುತ್ತಾರೆ. ಎಲ್ಲೋ ಗಂಟೆ ಬಾರಿಸುತ್ತದೆ. ಅಕ್ಕ ಬಾಗಿಲಲ್ಲೇ ಕಣ್ಣು ಮುಚ್ಚಿಕೊಂಡು ನಿಂತಿದ್ದಾರೆ.

ಅಣ್ಣ ಬಾಗಿಲ ಕಡೆಗೆ ಮುಖ ತಿರುಗಿಸುತ್ತಾರೆ. "ಎತ್ತಿದ್ರು ಅಕ್ಕ."

"ಎತ್ತಿದ್ರಲ್ಲ, ಸಾಕು," ಎಂದು ಅಕ್ಕ ಮೊಣಕಾಲು ಒತ್ತಿಕೊಳ್ಳುತ್ತಾ ಚೀಟಿ ಕೌಂಟರಿನ ಕಡೆಗೆ ಹೊರಡುತ್ತಾರೆ.