ಕೋಗಿಲೆ ದುಂಬಿಗೆ ಅಮರಮ್ಮನ ಹೆಸರು

ಕೋವಿಡ್ ಲಾಕ್‌ಡೌನ್ ಮುಗಿದ ಮರುವರ್ಷ. ನಾನಾಗ ಸಿಂಧನೂರಿನ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ. ನಿವೃತ್ತಿಗೆ ಎರಡೇ ವರ್ಷ ಬಾಕಿ. ಕಾಡು ದುಂಬಿಗಳ ವರ್ಗೀಕರಣ ನನ್ನ ಹುಚ್ಚು. ಕಾಲುವೆ ಕೆಳಗಿನ ಭತ್ತದ ಗದ್ದೆಗಳಲ್ಲಿ ಔಷಧಿ ಹೊಡೆದೂ ಹೊಡೆದೂ ದುಂಬಿ ಕಾಣುವುದೇ ಅಪರೂಪವಾಗಿತ್ತು. ಹಾಗಾಗಿ ಬಲೆ ಹೆಗಲಿಗೇರಿಸಿ, ಮಸ್ಕಿ ದಾಟಿ, ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾಕ್ಕೆ ಬಸ್ ಹತ್ತತೊಡಗಿದೆ.

ಅಲ್ಲಿ ಪರಿಚಯವಾದವರು ಅಮರಮ್ಮ, ಕೂಲಿ ಮಾಡುವ ಹೆಣ್ಣುಮಗಳು. ಅವರ ಕೊಟ್ಟಿಗೆಯ ಮಣ್ಣಿನ ಗೋಡೆಯಲ್ಲಿ ನೀಲಿ ಪಟ್ಟಿಯ ದುಂಬಿಗಳು ಗೂಡು ಕೊರೆದಿದ್ದವು. ಮೂರು ದಿನ ಬಲೆ ಬೀಸಿ ನಾನು ಬೆವರಿದ್ದೇ ಬಂತು. ಸಗಣಿಯ ಕುಳ್ಳು ತಟ್ಟುತ್ತಲೇ ಅಮರಮ್ಮ ಹೇಳಿದರು:

“ಸರ, ಪಟ್ಟಿ ಹುಳ ಹೊರಗ ಹೋಗೂದು ಕಾಯ್ಕೊಂಡು ಈ ಚುಕ್ಕಿ ಹುಳ ಒಳಗ ಹೊಕ್ಕತೈತಿ ನೋಡ್ರಿ. ತಾ ಒಂದು ಚೂರು ಮಣ್ಣೂ ಕೆದರೂದಿಲ್ಲ.”

ಕೋಗಿಲೆ ದುಂಬಿಯ ಬದುಕೇ ಅದು. ಪರರ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಅದರ ಮರಿ ಮನೆಯೊಡತಿಯ ಮರಿಯನ್ನು ಕೊಂದು, ಆಕೆ ಕೂಡಿಟ್ಟ ಪರಾಗ ತಿಂದು ಬೆಳೆಯುತ್ತದೆ. ಹಿಡಿದದ್ದನ್ನು ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡಿದರೆ ಬೆನ್ನಿನ ಚುಕ್ಕಿಗಳ ಜೋಡಣೆಯಾಗಲಿ, ಗಂಡಿನ ಜನನಾಂಗದ ರಚನೆಯಾಗಲಿ ಗೊತ್ತಿದ್ದ ಯಾವ ಪ್ರಭೇದಕ್ಕೂ ಹೊಂದಲಿಲ್ಲ. ವರ್ಷವಿಡೀ ಹಳೆಯ ಮಾದರಿಗಳ ಜೊತೆ ಹೋಲಿಸಿದ ಮೇಲೆ ಹೊಸದೆಂದು ಖಾತ್ರಿಯಾಯಿತು. ಈ ವಯಸ್ಸಿನಲ್ಲಿ ಕುಣಿಯುವುದೊಂದು ಬಾಕಿ. ಪ್ರಭೇದಕ್ಕೆ ಒಬ್ಬರ ಹೆಸರಿಡುವುದು ನಮ್ಮಲ್ಲಿ ದೊಡ್ಡ ಗೌರವ. ದುಂಬಿಯ ಕುಲದ ಹೆಸರಿಗೆ ಅಮರಮ್ಮನ ಹೆಸರು ಸೇರಿಸಿ ‘ಥೈರಿಯಸ್ ಅಮರಮ್ಮೆ’ ಎಂದು ಪ್ರಕಟಿಸಿಬಿಟ್ಟೆ. ಅವರನ್ನು ಒಂದು ಮಾತು ಕೇಳಲಿಲ್ಲ.

ಸ್ಥಳೀಯ ಪತ್ರಿಕೆಯೊಂದು ಸುದ್ದಿ ಹಾಕಿತು: ‘ಪರರ ಮರಿ ಕೊಲ್ಲುವ ದುಂಬಿಗೆ ಗುರುಗುಂಟಾ ಮಹಿಳೆಯ ಹೆಸರು’. ನಾನು ಹಿಗ್ಗಿ ಕತ್ತರಿಸಿಟ್ಟುಕೊಂಡೆ. ವಾರದೊಳಗೆ ಅಮರಮ್ಮ ಕಾಲೇಜಿಗೇ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನಾ ಎರಡನೇ ಸಂಬಂಧದಾಕಿ ರೀ ಸರ. ಮೊದಲಿನಾಕಿ ಮಗಳು ಜ್ವರ ಬಂದು ನನ್ನ ಕೈಯಾಗ ಸತ್ತಳು. ಸವತಿ ಮಗಳನ್ನ ನುಂಗಿದಾಕಿ ಅಂತ ಊರು ಆಡ್ಕೊಂತಿತ್ತು. ಹತ್ತು ವರ್ಷಕ್ಕ ಬಾಯಿ ಮುಚ್ಚಿತ್ತು. ಈಗ ಫೋನಿನಾಗ ಆ ಪೇಪರ್ ಸುದ್ದಿ ತೋರಿಸಿ, ‘ಸೈನ್ಸಿನವ್ರೂ ಬರದಾರ ನೋಡು’ ಅನ್ನಾಕತ್ಯಾರ. ಆ ಹೆಸರು ತಗೀರಿ.”

ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ನಿಯಮದಂತೆ, ಒಮ್ಮೆ ಪ್ರಕಟವಾದ ಹೆಸರನ್ನು ಇಟ್ಟವನೂ ಇಷ್ಟ ಬಂದಂತೆ ಬದಲಿಸುವಂತಿಲ್ಲ. ಪತ್ರಿಕೆಗೆ ಸ್ಪಷ್ಟನೆ ಕಳಿಸಿದೆ. ಮೂಲೆಯಲ್ಲಿ ನಾಲ್ಕು ಸಾಲು ಬಂತು. ಗುರುಗುಂಟಾಕ್ಕೆ ಹೋಗಿ ಕಟ್ಟೆಯ ಮೇಲೆ ಕೂತ ಹಿರಿಯರಿಗೆ, ಇದು ಗೌರವ, ಬೈಗುಳವಲ್ಲ ಎಂದು ವಿವರಿಸಿದೆ. ಅವರು ಮುಖ ಮುಖ ನೋಡಿಕೊಂಡು ನಕ್ಕರು.

ಅಮರಮ್ಮನ ಮನೆಯಲ್ಲಿ ಪಾತ್ರೆಗಳನ್ನು ಚೀಲಕ್ಕೆ ತುಂಬುವ ಕೆಲಸ ನಡೆದಿತ್ತು. ಊರು ಬಿಟ್ಟು ಸಿಂಧನೂರಿನ ರೈಸ್ ಮಿಲ್ಲೊಂದಕ್ಕೆ ಕೂಲಿಗೆ ಹೊರಟಿದ್ದರು. ಅವರಿಗೂ ಅದೇ ಗೌರವದ ಮಾತು ಹೇಳಿದೆ. ಚೀಲದ ಬಾಯಿ ಕಟ್ಟುತ್ತ ಕೇಳಿದರು:

“ಅಷ್ಟು ದೊಡ್ಡ ಮರ್ಯಾದಿ ಆಗಿದ್ರ ನಿಮ್ಮವ್ವನ ಹೆಸರ ಇಡಬೇಕಿತ್ತಲ್ರೀ?”

ನಾನು ಎದ್ದು ಬಂದೆ. ಹೆಸರು ಯೋಚಿಸುವಾಗ ಮೊದಲು ನೆನಪಾದವಳು ನನ್ನ ಅವ್ವನೇ. ಕರಡಿನಲ್ಲಿ ಬರೆದೂ ಇದ್ದೆ. ಇಂಥ ಕೊಲೆಗಡುಕ ಹುಳಕ್ಕೆ ಅವ್ವನ ಹೆಸರೇ ಎಂದು ಮನಸ್ಸು ಒಪ್ಪದೆ ಹೊಡೆದುಹಾಕಿ, ಅದರ ಕೆಳಗೆ ಅಮರಮ್ಮನ ಹೆಸರು ಬರೆದಿದ್ದೆ.

ಹೆಸರಿಡುವ ಮುನ್ನ ಆ ಹೆಸರಿನವರನ್ನು ಕೇಳಿ ಎಂದು, ನಿವೃತ್ತಿಯ ನಂತರವೂ ನನ್ನ ಬಳಿ ಬರುವ ವಿದ್ಯಾರ್ಥಿಗಳಿಗೆ ಈಗ ತಪ್ಪದೆ ಹೇಳುತ್ತೇನೆ. ಹೊಡೆದುಹಾಕಿದ ಆ ಹೆಸರಿನ ಸಂಗತಿಯನ್ನು ಮಾತ್ರ ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.